ಅಜಿಲ: ಮೂರಕ್ಷರದ ಒಂದು ಹೆಸರು

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ, ಫಲ್ಗುಣಿ ನದಿಯ ದಡದಲ್ಲಿ, 35 ಅಡಿ ಎತ್ತರದ ಬಾಹುಬಲಿ ನಿಂತಿದ್ದಾನೆ. ಮೂರ್ತಿಯ ಪ್ರತಿಷ್ಠೆಯಾದದ್ದು 1604ರ ಮಾರ್ಚ್ 1ರಂದು. ಮಾಡಿಸಿದವನು ವೀರ ತಿಮ್ಮಣ್ಣ ಅಜಿಲ. ಕಾರ್ಕಳದ ಗೊಮ್ಮಟನ ಕೀರ್ತಿ ಮಸುಕಾದೀತೆಂದು ಅಲ್ಲಿಯ ಭೈರವರಸ ಸಿಟ್ಟಾದನೆಂದೂ, ಅವನ ಕೈಗೆ ಸಿಗಬಾರದೆಂದು ತಿಮ್ಮಣ್ಣನು ವಿಗ್ರಹವನ್ನು ಹೊಳೆಯ ಮರಳಿನಲ್ಲಿ ಹುದುಗಿಸಿಟ್ಟನೆಂದೂ ಊರವರು ಕಥೆ ಹೇಳುತ್ತಾರೆ. ಕಥೆ ಹಾಗಿರಲಿ. ತಿಮ್ಮಣ್ಣ ಎಂಬುದು ಎಲ್ಲರಿಗೂ ತಿಳಿದ ಹೆಸರು. ಅದರ ಬೆನ್ನಿಗಿರುವ 'ಅಜಿಲ' ಎಂಬ ಮೂರಕ್ಷರ ಏನು? ಈ ಮಾತನ್ನು ಕೇಳುತ್ತಿರುವವರಲ್ಲಿ ಅನೇಕರು ಅದನ್ನು ಮನೆತನದ ಹೆಸರು, ಇಂದಿನ ಮಾತಿನಲ್ಲಿ ಅಡ್ಡಹೆಸರು, ಎಂದುಕೊಂಡಿರಬಹುದು. ಇಂದು ಅದು ನಿಜ. ತಿಮ್ಮಣ್ಣನ ಕಾಲಕ್ಕೆ ನಿಜವಲ್ಲ.

ಮೂರ್ತಿಯ ಪಕ್ಕದಲ್ಲಿರುವ ಶಾಸನಗಳನ್ನು ಹುಲ್ಟ್ಸ್ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದ್ದಾರೆ. ಬೆಳ್ಗೊಳದ ಚಾರುಕೀರ್ತಿಗಳ ಉಪದೇಶದಿಂದ, ಚಾಮುಂಡರಾಯನ ವಂಶಕ್ಕೆ ಸೇರಿದ ತಿಮ್ಮರಾಜನು ಈ ಜಿನಬಿಂಬವನ್ನು ಸ್ಥಾಪಿಸಿದನು ಎಂಬುದು ಅವುಗಳ ಸಾರಾಂಶ. ಅವನು ಆಳುತ್ತಿದ್ದದ್ದು ಪುಂಜಳಿಕೆ ರಾಜ್ಯ. ಬೆಳ್ತಂಗಡಿ, ಬಂಟ್ವಾಳ ತಾಲೂಕುಗಳ ಗಡಿಯಲ್ಲಿರುವ ಪುಂಜಾಲಕಟ್ಟೆಯ ಪೇಟೆಯಲ್ಲಿ ಬಸ್ಸಿಗಾಗಿ ಕಾಯುವವರು ಆ ಹೆಸರನ್ನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಂಡು ನೋಡಬಹುದು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಬೇಕಾದ ಸಂಗತಿ ಬೇರೊಂದಿದೆ. ಶಾಸನವು ತಿಮ್ಮರಾಜನನ್ನು ಪರಿಚಯಿಸುವುದು ಪಾಂಡ್ಯಕದೇವಿಯ ಮಗನೆಂದು, ರಾಯಕುವರನ ಅಳಿಯನೆಂದು. ಘಟ್ಟದ ಮೇಲಿನವರಿಗೆ ಅಳಿಯನೆಂದರೆ ಮೊದಲು ನೆನಪಾಗುವವನು ಮಗಳ ಗಂಡ. ತುಳುನಾಡಿನ ಉತ್ತರಾಧಿಕಾರದಲ್ಲಿ ಅಳಿಯನೆಂದರೆ ಅಕ್ಕತಂಗಿಯರ ಮಗ; ಪಟ್ಟಕ್ಕೆ ಬರುವವನು ಅವನು.

ಆದ್ದರಿಂದ ಅಜಿಲನ ಮಗ ಅಜಿಲನಾಗುತ್ತಿರಲಿಲ್ಲ. ಈ ಒಂದು ಮಾತನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಜಿಲ ಎಂಬುದು ವೇಣೂರಿನ ಪೀಠದ ಹೆಸರು. ಪೀಠವನ್ನೇರಿದವರಿಗೆ ಅದು ಬರುತ್ತಿತ್ತು, ಅವರ ತರುವಾಯ ಸೋದರಿಯ ಸಂತಾನಕ್ಕೆ ಹೋಗುತ್ತಿತ್ತು. ಏರುವವರು ಗಂಡಸರೇ ಆಗಬೇಕೆಂಬ ಕಟ್ಟಳೆಯೂ ಇರಲಿಲ್ಲ. ತಿಮ್ಮಣ್ಣನ ಅನಂತರ ಆ ಪೀಠದಲ್ಲಿ ಕುಳಿತು ಆಳಿದವಳು ಮಧುರಕ್ಕದೇವಿ, ಅವಳೂ ಅಜಿಲಳೇ.

ನೆರೆಯ ಅರಸು ಮನೆಗಳಲ್ಲಿಯೂ ಇದೇ ರೀತಿ. ಮದರಾಸು ಸರಕಾರಕ್ಕಾಗಿ 1894ರಲ್ಲಿ ದಕ್ಷಿಣ ಕನ್ನಡದ ಕೈಪಿಡಿಯನ್ನು ಬರೆದ ಸ್ಟರಾಕ್ ಸಾಹೇಬರು ಇಲ್ಲಿಯ ಜೈನ ಅರಸುಗಳನ್ನು ಸಾಲಾಗಿ ಹೆಸರಿಸುತ್ತಾರೆ: ಮೂಡಬಿದಿರೆಯ ಚೌಟರು, ನಂದಾವರದ ಬಂಗರು, ಅಳದಂಗಡಿಯ ಅಜಲರು, ಮೂಲ್ಕಿಯ ಸಾವಂತರು. ನಂದಾವರ ಬಂಟ್ವಾಳದ ಬಳಿ ನೇತ್ರಾವತಿಯ ದಂಡೆಯ ಊರು. ಅಳದಂಗಡಿ ವೇಣೂರಿಗೆ ಹತ್ತಿರ, ಅಜಿಲರ ಅರಮನೆ ಇರುವ ಸ್ಥಳ. ಪ್ರತಿಯೊಂದು ಹೆಸರಿನ ಹಿಂದೆಯೂ ಒಂದು ಊರು ನಿಂತಿದೆಯೇ ಹೊರತು ತಂದೆಯ ಹೆಸರಲ್ಲ. ಸಾಹೇಬರ ಇಂಗ್ಲಿಷಿನಲ್ಲಿ ಈ ಹೆಸರುಗಳೆಲ್ಲ 'ರ್' ಎಂಬಲ್ಲಿಗೆ ಮುಗಿಯುವುದು ತಮಾಷೆಯಾಗಿದೆ. ಅದು ಹೆಸರಿನ ಭಾಗವಲ್ಲ, ಗೌರವದ ಬಹುವಚನ. ಅಜಿಲನೆಂದು ಏಕವಚನದಲ್ಲಿ ಅವರ ಮುಂದೆ ಯಾರೂ ಹೇಳಿರಲಾರರು.

ಉಳ್ಳಾಲದ ಅಬ್ಬಕ್ಕನ ಹೆಸರನ್ನು ಈಗ ಮಕ್ಕಳೂ ಬಲ್ಲರು. ಅವಳು ಹುಟ್ಟಿದ್ದು ಚೌಟರ ಮನೆಯಲ್ಲಿ, ಕೈಹಿಡಿದದ್ದು ಬಂಗರಸನನ್ನು. ಮದುವೆಯಿಂದ ಅವಳು ಬಂಗಳಾಗಲಿಲ್ಲ. ಚೌಟರ ರಾಣಿಯಾಗಿಯೇ ಉಳಿದು ಪೋರ್ಚುಗೀಸರೊಡನೆ ಹೋರಾಡಿದಳು. 1623ರಲ್ಲಿ ಈ ಸೀಮೆಗೆ ಬಂದು ಉಳ್ಳಾಲದ ರಾಣಿಯೊಬ್ಬಳನ್ನು ಕಂಡು ಮಾತನಾಡಿಸಿದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಗೆ ಹೆಣ್ಣಿನ ಈ ಅಧಿಕಾರ ಬೆರಗು ಹುಟ್ಟಿಸಿತ್ತು. ನಮ್ಮ ಪಠ್ಯಪುಸ್ತಕಗಳು ಅಬ್ಬಕ್ಕನ ಶೌರ್ಯವನ್ನು ಹೇಳಿ ಸುಮ್ಮನಾಗುತ್ತವೆ. ಅವಳ ಹೆಸರು ಅವಳಲ್ಲಿಯೇ ಉಳಿಯಿತು ಎಂಬುದು ಅಷ್ಟೇ ದೊಡ್ಡ ಸಂಗತಿಯೆಂದು ನನ್ನ ಅಭಿಪ್ರಾಯ.

ಇನ್ನು ಅರ್ಥದ ಪ್ರಶ್ನೆ. 'ಅಜ' ಎಂದರೆ ಹುಟ್ಟಿಲ್ಲದವನು ಎಂದು ಸಂಸ್ಕೃತದ ಕಡೆಗೆ ಎಳೆಯುವ ಆಸೆ ಪಂಡಿತರಿಗೆ ಆಗಬಹುದು. ತುಳುವರ ಹೆಸರನ್ನು ತುಳುವಿನಲ್ಲಿಯೇ ಹುಡುಕುವುದು ಮೇಲು. ತುಳುವಿನಲ್ಲಿ 'ಅಜಲು' ಎಂಬ ಮಾತುಂಟು. ಇಂತಿಷ್ಟು ಊರುಗಳಲ್ಲಿ, ಇಂತಹ ಮನೆಗಳಲ್ಲಿ ಭೂತ ಕಟ್ಟುವ ಅಥವಾ ಇನ್ನಾವುದೋ ಸೇವೆ ಸಲ್ಲಿಸುವ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಎಲ್ಲೆ, ಅದಕ್ಕೆ ಹೊಂದಿಕೊಂಡ ಹಕ್ಕು ಮತ್ತು ಋಣ, ಅದೇ ಅಜಲು. ಸ್ಟರಾಕರ 'ಅಜಲರು' ಎಂಬ ಬರವಣಿಗೆಯನ್ನು ಇದರ ಪಕ್ಕದಲ್ಲಿಟ್ಟರೆ ಎರಡಕ್ಕೂ ನಂಟಿರಬಹುದೆಂದು ತೋರುತ್ತದೆ. ಇದು ನನ್ನ ಊಹೆ; ಧ್ವನಿಸಾಮ್ಯಕ್ಕಿಂತ ಬಲವಾದ ಆಧಾರವನ್ನು ಕೇಳುವವರ ಪಕ್ಷ ನ್ಯಾಯವಾದದ್ದು.

ಆದರೆ ಈ ಹಕ್ಕು-ಋಣಗಳ ಇನ್ನೊಂದು ಮುಖವನ್ನು ಹೇಳದೆ ಮುಂದೆ ಹೋಗಲಾಗದು. ಸಮಾಜದ ಕೆಳಗಿನ ಮೆಟ್ಟಿಲಲ್ಲಿದ್ದವರ ಪಾಲಿಗೆ ಹಕ್ಕು ಸವೆದು ಋಣ ಮಾತ್ರ ಉಳಿಯಿತು. ಕೊರಗರನ್ನು ಕೂಲಿಯಿಲ್ಲದೆ ದುಡಿಸುವುದು, ಕೂದಲು ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುವುದು, ಕಂಬಳಕ್ಕೆ ಮುನ್ನ ಅವರನ್ನು ಕೋಣಗಳಂತೆ ಓಡಿಸುವುದು, ಇವೆಲ್ಲ ಅಜಲಿನ ಹೆಸರಿನಲ್ಲಿಯೇ ನಡೆದುವು. ಕರ್ನಾಟಕ ಸರಕಾರ ಇದನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು.

ಮತ್ತು 'ಅಜಿಲ' ಎಂಬ ಶಬ್ದವೂ ಅರಮನೆಯೊಳಗೆ ಮಾತ್ರ ಇರುವುದಲ್ಲ. 1901ರ ಮದರಾಸು ಜನಗಣತಿಯ ವರದಿ ಅಜಿಲ ಎಂಬುದನ್ನು ದಲಿತ ಸಮುದಾಯವೊಂದರ ಒಳಪಂಗಡವಾಗಿ ದಾಖಲಿಸಿತು. ಥರ್ಸ್ಟನ್ನರ 1909ರ ಗ್ರಂಥ ಅದನ್ನೇ ಉದ್ಧರಿಸಿತು. ಇಂದು ಕರ್ನಾಟಕ, ಕೇರಳ, ತಮಿಳುನಾಡು ಈ ಮೂರು ರಾಜ್ಯಗಳ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅಜಿಲ ಎಂಬ ಹೆಸರಿದೆ. ಹಳೆಯ ಮದರಾಸು ಪ್ರಾಂತ ಒಡೆದು ಹಂಚಿದಾಗ ಪಟ್ಟಿಯೂ ಹಂಚಿಹೋಯಿತು. ಗೊಮ್ಮಟನನ್ನು ನಿಲ್ಲಿಸಿದವರ ಹೆಸರೂ, ಬಸದಿಯ ಪೌಳಿಯ ಹೊರಗೆ ನಿಂತಿರಬೇಕಾಗಿದ್ದವರ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ. ಹೆಸರಿನ ಬಾಲವನ್ನು ಕೇಳಿದೊಡನೆ ಜಾತಿಯನ್ನು ಹೇಳಿಬಿಡಬಲ್ಲೆವೆಂದು ನಂಬಿದವರು ನಮ್ಮ ಜಿಲ್ಲೆಯಲ್ಲಿ ಬಹಳ ಜನ. ಅವರು ಈ ಹೆಸರಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಅರಸು ಮನೆಯ ಅಜಿಲ ಏಕೆ ಇಷ್ಟು ವಿರಳವಾಯಿತು? ಬಂಗೇರ ಎಂಬ ಹೆಸರನ್ನು ನೋಡಿರಿ. ಬಂಟರು, ಬಿಲ್ಲವರು, ಮೊಗವೀರರು ಎಲ್ಲರಲ್ಲಿಯೂ ಅದು ಉಂಟು; ಮುಂಬಯಿಯಲ್ಲಿಯೂ ಬಂಗೇರರು ಬೇಕಾದಷ್ಟಿದ್ದಾರೆ. ಅದು ಬರಿಯ ಹೆಸರು. ಬರಿಯೆಂದರೆ ತಾಯಿಯಿಂದ ಬರುವ ಬಳಿ, ಗೋತ್ರದಂತೆ. ತಾಯಿಯಿಂದ ಅವಳ ಮಕ್ಕಳೆಲ್ಲರಿಗೂ ಬಂದು ಹೆಣ್ಣುಮಕ್ಕಳ ಮೂಲಕ ಮುಂದೆ ಹೋಗುತ್ತ ಕವಲೊಡೆಯುತ್ತದೆ. ಚೌಟ ಎಂಬುದೂ ಮೂಡಬಿದಿರೆಯ ಅರಮನೆಯನ್ನು ದಾಟಿ ಬಂಟರ ಮನೆಗಳಲ್ಲಿ ಕಾಣಸಿಗುತ್ತದೆ. 'ಮಿತ್ತಬೈಲ್ ಯಮುನಕ್ಕೆ' ಎಂಬ ತುಳು ಕಾದಂಬರಿಯನ್ನು ಬರೆದ ಡಿ. ಕೆ. ಚೌಟರನ್ನು ಸಾಹಿತ್ಯಪ್ರಿಯರು ಬಲ್ಲರು. ಅಜಿಲ ಹಾಗೆ ಹರಡಲಿಲ್ಲ. ಪೀಠ ಒಂದು, ಕುಳಿತವರು ಒಬ್ಬರು, ಹೆಸರೂ ಆ ಒಬ್ಬರಿಗೆ. ಹನ್ನೆರಡು ವರ್ಷಗಳಿಗೊಮ್ಮೆ, 2000, 2012, 2024ರಂತೆ, ವೇಣೂರಿನಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಪತ್ರಿಕೆಗಳಲ್ಲಿ ಈ ಹೆಸರು ಮತ್ತೆ ಕಾಣಿಸಿಕೊಳ್ಳುತ್ತದೆ.

ಪೀಠದ ಹೆಸರು ಮನೆತನದ ಹೆಸರಾದದ್ದು ಈಚೆಗೆ. ಹೈದರ್-ಟಿಪ್ಪುಗಳ ಕಾಲಕ್ಕೆ ಅರಸುತನ ಹೋಯಿತು, 1799ರ ಮೇಲೆ ಕುಂಪಣಿಯ ಆಳ್ವಿಕೆ ಬಂದಿತು. ಆದರೂ ಅಳಿಯಸಂತಾನ ಅಲುಗಲಿಲ್ಲ. ಅದನ್ನು ಅಲುಗಿಸಿದ್ದು 1949ರ ಮದರಾಸು ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ಕುಟುಂಬದ ಆಸ್ತಿ ಪಾಲಾಗತೊಡಗಿತು. ಗಂಡಸಿನ ಸೊತ್ತು ಅವನ ಹೆಂಡತಿ ಮಕ್ಕಳಿಗೆ ಬರುವಂತಾಯಿತು. ಇದರಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ಮಾವನ ಮರಣದ ಮಾರನೆಯ ದಿನವೇ ಮನೆ ಬಿಟ್ಟು ಹೊರಡಬೇಕಾದ ಅತ್ತೆಯಂದಿರ ಕಣ್ಣೀರು ಹಳೆಯ ಪದ್ಧತಿಯಲ್ಲಿ ಕಡಮೆಯೇನೂ ಇರಲಿಲ್ಲ. ಆದರೆ ಆಸ್ತಿಯ ಹಿಂದೆ ಹೆಸರೂ ದಾರಿ ಬದಲಿಸಿತು. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಬಾಲ ಮಗುವಿನ ಹೆಸರಿಗೆ ಅಂಟಿಕೊಂಡಿತು. ಈಗ ಅಜಿಲರ ಮಗ ಅಜಿಲ. ಮಧುರಕ್ಕದೇವಿಯ ಮಗನನ್ನು ಇಂದು ವೇಣೂರಿನ ಶಾಲೆಗೆ ಸೇರಿಸುವುದಾದರೆ, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬೇರೊಂದು ಹೆಸರನ್ನು ಬರೆಯುತ್ತಾರೆ.