ಟೇಸನ್ನು, ಠಾಣೆ, ನಿಲ್ದಾಣ

ಅಂಜನಾದ್ರಿಯ ಬುಡದ ಹನುಮನಹಳ್ಳಿಯವರಿಗೆ ರೈಲು ಹಿಡಿಯುವುದೆಂದರೆ ಬಹುಕಾಲ ಹೊಳೆಯಾಚೆಯ ಹೊಸಪೇಟೆಗೆ ಹೋಗುವುದೇ ಆಗಿತ್ತು. 19ನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಗುಂತಕಲ್ಲು–ಹುಬ್ಬಳ್ಳಿ ದಾರಿಯ ಹೊಸಪೇಟೆ, ಮುನಿರಾಬಾದು, ಕೊಪ್ಪಳಗಳೇ ಈ ಸೀಮೆಗೆ ಗುರುತಿದ್ದ ಹೆಸರುಗಳು. 1997-98ರಲ್ಲಿ ಮಂಜೂರಾದ ಮುನಿರಾಬಾದು–ಮೆಹಬೂಬ್‌ನಗರ ಮಾರ್ಗ ಗಿಣಿಗೇರಿಯಲ್ಲಿ ಕವಲೊಡೆದು 2019ರಲ್ಲಿ ಗಂಗಾವತಿಯನ್ನು ಮುಟ್ಟಿತು, ಕಾರಟಗಿ ದಾಟಿ 2024ರಲ್ಲಿ ಸಿಂಧನೂರಿಗೆ ಹೋಯಿತು. ಮರುವರ್ಷ ಕುಷ್ಟಗಿಗೂ ಬೇರೊಂದು ದಾರಿಯಲ್ಲಿ ರೈಲು ಬಂತು. ಗಾಡಿ ನಿಲ್ಲುವ ಠಾವು ಹೀಗೆ ಸರಿಸರಿದು ಹತ್ತಿರ ಬರುತ್ತಿರುವಾಗ, ಅದನ್ನು ಕರೆಯುವ ಮಾತನ್ನು ನಾವು ಪದಪ್ರಿಯರು ಬಿಡಿಸಿ ನೋಡದಿರುವುದುಂಟೆ?

ಬೋರ್ಡಿನ ಮೇಲೆ ‘ನಿಲ್ದಾಣ’, ಬಾಯಲ್ಲಿ ‘ಟೇಸನ್ನು’, ‘ಟೇಶನ್ನು’, ‘ಇಸ್ಟೇಶನ್ನು’. ‘ನಿಲ್ದಾಣ’ದ ಮೊದಲರ್ಧ ‘ನಿಲ್’ ಅಪ್ಪಟ ದ್ರಾವಿಡ, ತಮಿಳು ಮಲಯಾಳಗಳಿಗೂ ಸ್ವಂತದ್ದು. ಉತ್ತರಾರ್ಧ ‘ತಾಣ’, ಮಳೆಗಾಲದಲ್ಲಿ ‘ಕಾಲ’ವು ‘ಗಾಲ’ವಾದಂತೆ ಆದೇಶಸಂಧಿಯಲ್ಲಿ ‘ದಾಣ’ವಾಗಿದೆ. ಆ ತಾಣವೋ, ಸಂಸ್ಕೃತದ ‘ಸ್ಥಾನ’ ಪ್ರಾಕೃತದ ಹಾದಿ ಹಿಡಿದು ಹಳಗನ್ನಡಕ್ಕೆ ಬಂದ ತದ್ಭವ. ಅದೇ ‘ಸ್ಥಾನ’ ಮರಾಠಿಯ ಮಗ್ಗುಲಲ್ಲಿ ‘ಠಾಣೆ’ಯಾಗಿ, ಠಾಣೇದಾರನನ್ನೂ ಕೂಡಿಕೊಂಡು, ಕಂದಾಯ ಕಾವಲುಗಳ ಕಡೆಗೆ ವಾಲಿತು, ದೇವಸ್ಥಾನದಲ್ಲಿ, ಗುಡಿಯ ಸ್ಥಾನಿಕರಲ್ಲಿ ಮಾತ್ರ ಮಡಿಯಾಗಿಯೇ ಉಳಿಯಿತು. ಮೂಲಧಾತು ‘ಸ್ಥಾ’ಕ್ಕೆ ಧಾತುಪಾಠ ಕೊಡುವ ಅರ್ಥ ‘ಗತಿನಿವೃತ್ತಿ’, ಎಂದರೆ ಚಲನೆ ನಿಲ್ಲುವುದು. ರೈಲ್ವೆಯವರು ಕೇಳಿದ್ದರೂ ಇದಕ್ಕಿಂತ ಒಪ್ಪುವ ಅರ್ಥ ಸಿಗುತ್ತಿರಲಿಲ್ಲ!

ಇನ್ನು ‘ಸ್ಟೇಷನ್’. ಅದು ಲ್ಯಾಟಿನ್ನಿನ ‘ಸ್ತಾರೆ’, ನಿಲ್ಲು, ಎಂಬ ಕ್ರಿಯೆಯ ಸಂತಾನ; ‘ಸ್ತಾರೆ’ಯೂ ‘ಸ್ಥಾ’ವೂ ಒಂದೇ ಇಂಡೋ-ಯುರೋಪಿಯನ್ ಬೇರಿನವು. ಹಾಗಾಗಿ ನಿಲ್ದಾಣವೆಂಬ ಅನುವಾದದ ಅರ್ಧಭಾಗ ಮೂಲಪದದ ದಾಯಾದಿಯೇ. ನನಗೆ ಇದಕ್ಕಿಂತ ಹೆಚ್ಚು ಖುಷಿ ಕೊಡುವುದು ‘ಟೇಸನ್ನು’. ಓದಿದವರು ಅದನ್ನು ಅಶುದ್ಧವೆಂದು ನಗುತ್ತಾರೆ. ಆದರೆ ‘ಸ್ಥಾನ’ದ ಮೊದಲ ಸಕಾರವನ್ನು ಉದುರಿಸಿ ‘ತಾಣ’ಕ್ಕೆ ದಾರಿ ಮಾಡಿದ ನಾಲಗೆಯ ಒಲವೇ ‘ಸ್ಟೇಷನ್’ನ ಸಕಾರವನ್ನೂ ಉದುರಿಸಿದೆ. ಒಂದನ್ನು ತದ್ಭವವೆಂದು ಮನ್ನಿಸಿ ಇನ್ನೊಂದನ್ನು ಹಳ್ಳಿಗರ ತಪ್ಪೆನ್ನುವುದು ಯಾವ ನ್ಯಾಯ?

ಶಿಷ್ಟ ಬರಹವು ಪೊಲೀಸರಿಗೆ ಠಾಣೆಯನ್ನೂ ಪ್ರಯಾಣಿಕರಿಗೆ ನಿಲ್ದಾಣವನ್ನೂ ಹಂಚಿಕೊಟ್ಟು ನೆಮ್ಮದಿಯಾಗಿದೆ. ಆಡುಮಾತಿನಲ್ಲಿ ಎರಡೂ ಟೇಸನ್ನೇ. ‘ನಿನ್ನಿ ಟೇಸನ್ನಿಗೆ ಹೋಗಿದ್ದೆ’ ಎಂದು ಯಾರಾದರೂ ಅಂದರೆ, ಕೇಳಿದವರು ಮೊದಲು ವಿಚಾರಿಸುವುದು: ‘ಯಾವ ಟೇಸನ್ನಪಾ, ರೈಲಿಂದೋ ಪೊಲೀಸರದೋ?’