ಶಕ್ತಿನಗರದ ಕಲ್ಲಿದ್ದಲು, ಗಾಳಿಯಲ್ಲಿ ಅದರ ಜಾಡು

ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿರುವ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಸಿಂಗರೇಣಿ ಗಣಿಗಳಿಂದ ಕಲ್ಲಿದ್ದಲು ಬರುತ್ತದೆ. ಬೂದಿ ಹೆಚ್ಚಿರುವ ಕಲ್ಲಿದ್ದಲು ಇದು. ಒಂದು ಕೆ.ಜಿ.ಯಲ್ಲಿ ಇಂಗಾಲ 400 ಗ್ರಾಂ ಎಂದು ಹಿಡಿದರೂ, ಅದು ಪೂರ್ತಿ ಉರಿದಾಗ ಸುಮಾರು ಒಂದೂವರೆ ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಲೆಗೆ ಹಾಕಿದ್ದಕ್ಕಿಂತ ಹೊರಬಂದದ್ದರ ತೂಕವೇ ಜಾಸ್ತಿ. ಏಕೆಂದರೆ 12 ತೂಕದ ಇಂಗಾಲ ಗಾಳಿಯಿಂದ 32 ತೂಕದ ಆಮ್ಲಜನಕವನ್ನು ಹಿಡಿದುಕೊಂಡು 44 ಆಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಿರುವಾಗ ಗಾಳಿಯಲ್ಲಿ ಬೆರೆತ ಮೇಲೆ ಇದು ಚಿಮಣಿಯದು, ಇದು ಜ್ವಾಲಾಮುಖಿಯದು, ಇದು ನಮ್ಮ ಉಸಿರಿನದು ಎಂದು ಬೇರ್ಪಡಿಸಿ ಹೇಳುವುದು ಹೇಗೆ? ಬೆರೆತದ್ದು ಅಲ್ಲಿ ಎಷ್ಟು ಕಾಲ ಉಳಿಯುತ್ತದೆ? ಈ ಎರಡು ಪ್ರಶ್ನೆಗಳಿಗಷ್ಟೇ ಈ ಟಿಪ್ಪಣಿ ಸೀಮಿತ.

ಮೊದಲು ಒಂದು ಪದದ ತಕರಾರು. ನಮ್ಮ ಪತ್ರಿಕೆಗಳು ‘ಜಾಗತಿಕ ತಾಪಮಾನದಿಂದ ಬೆಳೆ ಹಾಳು’ ಎಂದು ಬರೆಯುತ್ತವೆ. ತಾಪಮಾನ ಎಂದರೆ ಅಳತೆ. ಅದು ಯಾವಾಗಲೂ ಇತ್ತು, ಇರುತ್ತದೆ. ಹಾಳು ಮಾಡುವುದು ಅದರ ಏರಿಕೆ. ಹಾಗಾಗಿ ಇಲ್ಲಿ ‘ಬಿಸಿಯೇರಿಕೆ’ ಎಂದೇ ಬಳಸಿದ್ದೇನೆ.

ಈ ಅನಿಲ ಬಿಸಿಯನ್ನು ಹಿಡಿದಿಡುತ್ತದೆ ಎಂಬುದು ಹಳೆಯ ಸಂಗತಿ. 1856ರಲ್ಲಿ ಅಮೆರಿಕದ ಯುನಿಸ್ ಫೂಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಸಾಮಾನ್ಯ ಗಾಳಿ 106 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿದರೆ ಇಂಗಾಲದ ಡೈಆಕ್ಸೈಡ್ 125ಕ್ಕೆ ಏರಿತು. ನೆರಳಿಗೆ ತಂದ ಮೇಲೂ ಆರಲು ಬಹಳ ಹೊತ್ತು ಹಿಡಿಯಿತು. ಸೂರ್ಯನ ಬೆಳಕನ್ನೂ ಬಿಸಿಯಾದ ವಸ್ತುಗಳು ಹೊರಸೂಸುವ ಶಾಖಕಿರಣವನ್ನೂ ಅವರ ಪ್ರಯೋಗ ಬೇರ್ಪಡಿಸಿರಲಿಲ್ಲ. ಆ ಕೆಲಸವನ್ನು 1859ರಿಂದ ಜಾನ್ ಟಿಂಡಾಲ್ ಮಾಡಿದರು. 1896ರಲ್ಲಿ ಸ್ವೀಡನ್ನಿನ ಅರ‍್ಹೇನಿಯಸ್ ಈ ಅನಿಲ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತೆಂದು ಕೈಲೆಕ್ಕ ಹಾಕಿದರು.

ಗುರುತು ಹಿಡಿಯುವ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಬದುಕಿರುವ ಗಿಡಮರಗಳಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ರೂಪ ತುಸು ಇರುತ್ತದೆ. ಸುಮಾರು 5730 ವರ್ಷಗಳಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಸಿಂಗರೇಣಿಯ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಿಂದಿನ ಕಾಡಿನದು. ಅದರಲ್ಲಿ ಈ ರೂಪದ ಲವಲೇಶವೂ ಉಳಿದಿಲ್ಲ. ಅಂದರೆ ಕಲ್ಲಿದ್ದಲನ್ನೋ ಎಣ್ಣೆಯನ್ನೋ ಉರಿಸಿದಷ್ಟೂ ಗಾಳಿಯ ಇಂಗಾಲ-14 ತೆಳ್ಳಗಾಗಬೇಕು, ಹಾಲಿಗೆ ನೀರು ಬೆರೆಸಿದ ಹಾಗೆ. 1955ರಲ್ಲಿ ಹಾನ್ಸ್ ಸೂಸ್ ಮರಗಳ ವರ್ಷಬಳೆಗಳಲ್ಲಿ ಇದನ್ನೇ ಕಂಡರು: 19ನೆಯ ಶತಮಾನದ ಮರಕ್ಕಿಂತ 20ನೆಯ ಶತಮಾನದ್ದರಲ್ಲಿ ಇಂಗಾಲ-14 ಕಡಿಮೆಯಿತ್ತು. (ಇವರ ಅಜ್ಜ ಎಡ್ವರ್ಡ್ ಸೂಸ್ ‘ಗೊಂಡ್ವಾನಾಲ್ಯಾಂಡ್’ ಎಂಬ ಹೆಸರನ್ನು ಕೊಟ್ಟ ಭೂವಿಜ್ಞಾನಿ. ಸಿಂಗರೇಣಿಯದೂ ಗೊಂಡ್ವಾನಾ ಕಲ್ಲಿದ್ದಲೇ.) ಆಮೇಲೆ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಹೊಸ ಇಂಗಾಲ-14 ತುಂಬಿ ಈ ಲೆಕ್ಕವನ್ನು ಕದಡಿದವು.

ಅದಕ್ಕೇ ಉಳಿದ ಸಾಕ್ಷಿಗಳನ್ನೂ ಕೂಡಿಸಿ ಓದಬೇಕು. ಸಸ್ಯಗಳು ಹಗುರವಾದ ಇಂಗಾಲ-12ನ್ನು ಹೆಚ್ಚು ಹೀರುತ್ತವೆ. ಆದ್ದರಿಂದ ಸಸ್ಯಮೂಲದ ಇಂಗಾಲ ಗಾಳಿಗೆ ಮರಳಿದರೆ ಅಲ್ಲಿ ಇಂಗಾಲ-13ರ ಪ್ರಮಾಣ ತಗ್ಗುತ್ತದೆ. ಅದು ತಗ್ಗುತ್ತಲೇ ಇದೆ. ಕಾಡು ಸುಟ್ಟರೂ ಹೀಗಾಗುತ್ತದೆ ಎಂಬ ಆಕ್ಷೇಪ ಸರಿಯೇ, ಕಾಡುನಾಶದ ಪಾಲೂ ಇದರಲ್ಲಿದೆ. ಆದರೆ ಇಂದಿನ ಕಾಡಿನ ಮರ ಇಂಗಾಲ-14ನ್ನು ಆ ಪ್ರಮಾಣದಲ್ಲಿ ತೆಳುವಾಗಿಸದು. ಇನ್ನು ಗಾಳಿಯ ಆಮ್ಲಜನಕ ಉರಿಯುವಿಕೆಗೆ ತಕ್ಕಂತೆ ಇಳಿಯುತ್ತಿದೆ. ಜ್ವಾಲಾಮುಖಿ ಮೂಲವಾಗಿದ್ದರೆ ಹೀಗೆ ಇಳಿಯಬೇಕಿರಲಿಲ್ಲ. ಅಲ್ಲದೆ ಜ್ವಾಲಾಮುಖಿಗಳ ವಾರ್ಷಿಕ ಪಾಲು ಮನುಷ್ಯರದರ ಶೇ. 1ಕ್ಕಿಂತ ಕಡಿಮೆ. ನಮ್ಮ ಉಸಿರಿನದು? ನಿನ್ನೆ ಉಂಡ ಅನ್ನದ ಇಂಗಾಲವನ್ನು ಭತ್ತದ ಗಿಡ ಈಚಿನ ಬೆಳೆಯಲ್ಲಿ ಗಾಳಿಯಿಂದಲೇ ತೆಗೆದುಕೊಂಡಿತ್ತು. ಸಾಲ ತಂದದ್ದನ್ನು ಹಿಂದಿರುಗಿಸಿದಂತೆ ಅದು.

ಕೈಗಾರಿಕೆಗಳಿಗೆ ಮುನ್ನ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಈ ಅನಿಲದವು. ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯತೊಡಗಿದ 1958ರಲ್ಲಿ ಸುಮಾರು 315. ಈಗ 420ನ್ನು ದಾಟಿದೆ. ಅಂಟಾರ್ಕ್ಟಿಕಾದ ಹಿಮದೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಎಂಟು ಲಕ್ಷ ವರ್ಷಗಳ ದಾಖಲೆಯಲ್ಲಿ ಎಲ್ಲಿಯೂ ಇಂಥ ಅಂಕಿಯಿಲ್ಲ.

ಎರಡನೆಯ ಪ್ರಶ್ನೆಗೆ ಬರೋಣ. ನಾವು ಹೊರಬಿಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಾಡು ಮತ್ತು ಕಡಲು ಹೀರಿಕೊಳ್ಳುತ್ತಿವೆ. ಕಡಲು ಅದರಿಂದ ಆಮ್ಲೀಯವಾಗುತ್ತಿದೆ, ಆ ಮಾತು ಬೇರೆ. ಉಳಿದದ್ದು ಬೇಗ ಹೋಗುವುದಿಲ್ಲ. ಕಡಲ ಮೇಲ್ಪದರ ಆಳದ ನೀರಿನೊಡನೆ ಬೆರೆಯಲು ಶತಮಾನಗಳು ಬೇಕು. ಬಂಡೆಗಳು ಸವೆದು ಇಂಗಾಲವನ್ನು ಸುಣ್ಣಕಲ್ಲಾಗಿ ಹೂಳಲು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಲ. ಸಾವಿರ ವರ್ಷ ಕಳೆದರೂ ಶೇ. 15ರಿಂದ 40ರಷ್ಟು ಗಾಳಿಯಲ್ಲೇ ಇರುತ್ತದೆಂದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ ಅಂದಾಜು. ಶ್ರವಣಬೆಳಗೊಳದಲ್ಲಿ ಗೊಮ್ಮಟ ನಿಂತದ್ದು 981ರ ಸುಮಾರಿಗೆ. ಆ ಕಾಲದವರು ನಮ್ಮಂತೆ ಕಲ್ಲಿದ್ದಲು ಉರಿಸಿದ್ದರೆ ಅದರ ಗಣನೀಯ ಪಾಲು ಇಂದಿಗೂ ನಮ್ಮ ತಲೆಯ ಮೇಲಿರುತ್ತಿತ್ತು.

ಹಾಗಾದರೆ ಉರಿಸುವುದನ್ನು ನಿಲ್ಲಿಸಿದರೂ ಫಲವಿಲ್ಲವೆ? ಇದೆ. ನಿವ್ವಳ ಹೊರಸೂಸುವಿಕೆ ಸೊನ್ನೆಯಾದರೆ ಬಿಸಿಯ ಏರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಏರಿದ ಬಿಸಿ ಶತಮಾನಗಳ ಕಾಲ ಇಳಿಯುವುದಿಲ್ಲ. ಹೆಚ್ಚಿದ ಶಾಖದ ಶೇ. 90ಕ್ಕೂ ಮಿಕ್ಕ ಪಾಲು ಕಡಲಿಗೆ ಹೋಗಿದೆ. ಆ ನೀರು ಹಿಗ್ಗುತ್ತದೆ, ಹಿಮರಾಶಿ ಕರಗುತ್ತದೆ. 1901ರಿಂದ 2018ರವರೆಗೆ ಜಗತ್ತಿನ ಕಡಲಮಟ್ಟ ಸರಾಸರಿ 20 ಸೆಂ.ಮೀ. ಏರಿದೆ. ಹಾಗೆಂದು ಉಳ್ಳಾಲದ ಕಡಲ್ಕೊರೆತವನ್ನೆಲ್ಲ ಬಿಸಿಯೇರಿಕೆಯ ತಲೆಗೆ ಕಟ್ಟುವುದು ಸರಿಯಲ್ಲ. ಅಳಿವೆಬಾಗಿಲಲ್ಲಿ ನಾವೇ ಕಟ್ಟಿದ ಅಲೆತಡೆಗಳು ಮರಳಿನ ಓಡಾಟವನ್ನು ಬದಲಿಸಿವೆ. ಏರುವ ಕಡಲು ಅದರ ಮೇಲೆ ಬೀಳುವ ಹೊರೆ.

ಈ ವಿಷಯದ ನಕ್ಷೆಗಳು ಹೆಚ್ಚಾಗಿ 2100ಕ್ಕೆ ನಿಲ್ಲುತ್ತವೆ. ಆ ಗೆರೆ ಲೆಕ್ಕದ ಅನುಕೂಲಕ್ಕೆ ಎಳೆದದ್ದು, ಕಡಲಿಗೆ ಅದರ ಪರಿವೆಯಿಲ್ಲ. ಅದೇ ಸಮಿತಿಯ 2021ರ ವರದಿಯ ಪ್ರಕಾರ, ಬಿಸಿಯೇರಿಕೆ 1.5 ಡಿಗ್ರಿಗೆ ನಿಂತರೂ ಮುಂದಿನ 2000 ವರ್ಷಗಳಲ್ಲಿ ಕಡಲು 2ರಿಂದ 3 ಮೀಟರ್ ಏರುತ್ತದೆ. 2 ಡಿಗ್ರಿಗೆ ನಿಂತರೆ 2ರಿಂದ 6 ಮೀಟರ್.