ಸುಲಿದ ಚರ್ಮಕ್ಕೆ ಬಿಸಿಲಿನ ಬಡ್ಡಿ

ನಮ್ಮ ಮುಂಬಯಿಯಲ್ಲಿ ಮದುವೆ ಸೀಸನ್ ಬಂತೆಂದರೆ ಬ್ಯೂಟಿ ಪಾರ್ಲರುಗಳಲ್ಲಿ "ಪೀಲಿಂಗ್"ಗೆ ಎಲ್ಲಿಲ್ಲದ ಬೇಡಿಕೆ. ಆಮ್ಲ ಹಚ್ಚಿ ಮುಖದ ಮೇಲಿನ ಸತ್ತ ಚರ್ಮ ಕಳಚುವುದು. ಇದು ಹೊಸ ಫ್ಯಾಷನ್ ಅಂದುಕೊಂಡಿರಾ? ಈ ಖಾತೆ ಬಹಳ ಹಳೆಯದು ಸ್ವಾಮಿ!

ಈಜಿಪ್ಟಿನ ರಾಣಿ ಕ್ಲಿಯೋಪಾತ್ರಾ ಕತ್ತೆಯ ಹಾಲಿನಲ್ಲಿ ಮೀಯುತ್ತಿದ್ದಳು ಎಂಬುದು ದಂತಕಥೆ ಇರಬಹುದು. ಆದರೆ ಹುಳಿ ಬಂದ ಹಾಲಿನಲ್ಲಿ ಲ್ಯಾಕ್ಟಿಕ್ ಆಮ್ಲ ಇರುವುದು ನಿಜ. ನಮ್ಮ ಅಜ್ಜಿಯರು ಕಡಲೆಹಿಟ್ಟಿಗೆ ಕಲಸುತ್ತಿದ್ದ ಮೊಸರಿನಲ್ಲೂ ಅದೇ. ಕಬ್ಬಿನ ಗ್ಲೈಕಾಲಿಕ್, ಹುಣಸೆಯ ಟಾರ್ಟಾರಿಕ್ ಕೂಡ ಇದರ ದಾಯಾದಿಗಳೇ. ಇವಕ್ಕೆಲ್ಲ ಒಟ್ಟು ಹೆಸರು ಆಲ್ಫಾ ಹೈಡ್ರಾಕ್ಸಿ ಆಮ್ಲ.

1882ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಚರ್ಮವೈದ್ಯ ಪಾಲ್ ಗೆರ್ಸನ್ ಉನ್ನಾ, ಸ್ಯಾಲಿಸಿಲಿಕ್ ಆಮ್ಲ, ಫೀನಾಲ್ ಮುಂತಾದವುಗಳಿಂದ ಚರ್ಮ ಸುಲಿಯುವ ವಿಧಾನವನ್ನು ಬರೆದಿಟ್ಟರು. 1974ರಲ್ಲಿ ಅಮೆರಿಕದ ಯೂಜಿನ್ ವಾನ್ ಸ್ಕಾಟ್ ಮತ್ತು ರೂಯಿ ಯು, ಮೀನಿನ ಹುರುಪೆಯಂತೆ ಚರ್ಮ ಒರಟಾಗುವ ಇಕ್ತಿಯೋಸಿಸ್ ರೋಗಕ್ಕೆ ಆಲ್ಫಾ ಹೈಡ್ರಾಕ್ಸಿ ಆಮ್ಲಗಳಿಂದ ಗುಣ ಕಂಡರು. ರೋಗಿಗಳ ಔಷಧಿ 1990ರ ದಶಕದಲ್ಲಿ ಸುಂದರಿಯರ ಕ್ರೀಮ್ ಆಯಿತು!

ಇಲ್ಲಿಯತನಕ ಬರೀ ಜಮಾ. ಖರ್ಚಿನ ಬಾಬ್ತು ತಡವಾಗಿ ಬಂತು. 1997ರಲ್ಲಿ ಅಮೆರಿಕದ ಪ್ರಸಾಧನ ಉದ್ಯಮದ ತಜ್ಞರ ಸಮಿತಿ, ಮನೆಬಳಕೆಯ ಕ್ರೀಮಿನಲ್ಲಿ ಈ ಆಮ್ಲ 10%ಗಿಂತ ಹೆಚ್ಚಿರಬಾರದು, ಬಿಸಿಲಿನಿಂದ ರಕ್ಷಣೆಯೂ ಬೇಕು ಎಂದಿತು. ಅಲ್ಲಿನ ಎಫ್‌ಡಿಎ ಮುಂದಿಟ್ಟ ಅಧ್ಯಯನದ ಲೆಕ್ಕ ಇನ್ನೂ ಸ್ಪಷ್ಟ: ನಾಲ್ಕು ವಾರ ಹಚ್ಚಿದವರ ಚರ್ಮ ನೇರಳಾತೀತ ಕಿರಣಕ್ಕೆ ಕೆಂಪಾಗುವ ಪ್ರವೃತ್ತಿ 18% ಏರಿತು, ಜೀವಕೋಶಗಳಿಗೆ ಆಗುವ ಹಾನಿ ಸರಾಸರಿ ಎರಡು ಪಟ್ಟಾಯಿತು. ಹಚ್ಚುವುದು ನಿಲ್ಲಿಸಿದ ಒಂದು ವಾರಕ್ಕೆ ಈ ವ್ಯತ್ಯಾಸ ಹೋಯಿತು. ಡಬ್ಬಿಯ ಮೇಲೆ ಬಿಸಿಲಿನ ಎಚ್ಚರಿಕೆ ಮುದ್ರಿಸಿ ಎಂಬ ಎಫ್‌ಡಿಎ ಸಲಹೆ ಬಂದದ್ದು 2005ರಲ್ಲಿ. ಅಂದರೆ 1974ರಿಂದ 31 ವರ್ಷ!

ನಮ್ಮದು ಕಂದು ಚರ್ಮ, ಬಿಸಿಲಿಗೆ ಏನೂ ಆಗೋಲ್ಲ ಅನ್ನಬೇಡಿ. ನಮ್ಮಲ್ಲಿ ಕೆಂಪು ಅಷ್ಟು ಕಾಣದಿದ್ದರೂ ಚರ್ಮ ಉರಿದು ಮಾಗಿದ ಮೇಲೆ ಕಪ್ಪು ಕಲೆ ಉಳಿಯುವುದು ಹೆಚ್ಚು. ಯಾವ ಕಲೆ ತೆಗೆಯಲು ದುಡ್ಡು ಕೊಟ್ಟೆವೋ ಅದೇ ಬಡ್ಡಿ ಸಮೇತ ವಾಪಸ್!

ಮನೆಯಲ್ಲಿ ಮದುವೆ ಹೆಣ್ಣಿದ್ದರೆ ಇಷ್ಟು ಹೇಳಿ. ಹಚ್ಚುವಷ್ಟು ದಿನವೂ, ನಿಲ್ಲಿಸಿದ ಮೇಲೆ ಒಂದು ವಾರವೂ ಸನ್‌ಸ್ಕ್ರೀನ್ ಬೇಕು, ಸೆರಗು ಬೇಕು, ಕೊಡೆಯೂ ಬೇಕು. ಬಯಲಲ್ಲಿ ಮಧ್ಯಾಹ್ನದ ಫೋಟೋ ಸೆಷನ್ ಮಾತ್ರ ಬೇಡ. ಸಾಲ ತೆಗೆದುಕೊಳ್ಳುವ ಮುಂಚೆ ಬಡ್ಡಿ ದರ ಕೇಳುತ್ತೇವಲ್ಲ, ಹಾಗೇ ಇದೂ. ಏನಂತೀರಿ?